ಎಲ್ಲವೂ ಹಸಿರಾಗಿದ್ದ ದಿನ

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗವೆಂದರೆ ನೆಲಮಾಳಿಗೆಯಲ್ಲಿ, ಲಾಂಡ್ರಿಗೆ ಅಂಟಿಕೊಂಡಿರುವ ಒಂದು ಕೋಣೆ. ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರಗಳ ಗಡಗಡ, ಈಚೆ ಸರ್ವರಿನ ಗುಂಯ್. ವೈರು, ಪ್ರಿಂಟರು, ಕೆಟ್ಟ ಮೌಸು ನನ್ನ ಪಾಲಿಗೆ. ಯಾರು ಬೇಕಾದರೂ ಬಂದು ನನ್ನ ಮೇಲೆ ರೇಗುತ್ತಾರೆ, ನಾನೂ ಸುಮ್ಮನಿರುವುದಿಲ್ಲ. ನನ್ನೆದುರು ಕೂರುವವಳು ಪರೀಕ್ಷೆಯಕ್ಕ, ಅದು ನಾನಿಟ್ಟ ಹೆಸರು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ, ನಾನು ಅವಳನ್ನು ಅಕ್ಕ ಎನ್ನುತ್ತೇನೆ, ಅಲ್ಲಿಗೆ ಸರಿಹೋಯಿತು.

ಸರ್ವರು ತಾನಾಗಿಯೇ ಮಾಡಬೇಕಾದ ಕೆಲಸಗಳು ಬೇಕಾದಷ್ಟಿವೆ. ಲ್ಯಾಬಿನ ವರದಿಗಳನ್ನು ವಾರ್ಡುಗಳಿಗೆ ಹಂಚಬೇಕು, ಔಷಧದ ದಾಸ್ತಾನು ನೋಡಬೇಕು, ರೋಗಿಗಳಿಗೆ ಮೆಸೇಜ್ ಕಳಿಸಬೇಕು. ಯಾವ ಹೊತ್ತಿಗೆ ಯಾವ ಕೆಲಸ ಎಂದು ಒಂದು ಫೈಲಿನಲ್ಲಿ ಸಾಲು ಸಾಲಾಗಿ ಬರೆದಿಡುವವಳು ಪರೀಕ್ಷೆಯಕ್ಕ. ಬರೆದದ್ದು ಸರಿಯಿದೆಯೇ ಎಂದು ತಾನೇ ನೋಡಿಕೊಳ್ಳುವ ಪ್ರೋಗ್ರಾಮನ್ನು ಕಟ್ಟಿದವಳೂ ಅವಳೇ. ಫೈಲಿನಲ್ಲಿ ಏನು ಬದಲಾದರೂ ಅದು ಎದ್ದು ಕೂತು ಒಂದೊಂದು ಸಾಲನ್ನೂ ಓದುತ್ತದೆ. ಸರಿಯಿದ್ದರೆ ಪರದೆಯ ಮೇಲೆ ಹಸಿರು, ತಪ್ಪಿದ್ದರೆ ಕೆಂಪು. ಕೆಂಪು ಬಂತೆಂದರೆ ದೊಡ್ಡ ಡಾಕ್ಟರೇ ಬಂದು ಅವಸರ ಮಾಡಿದರೂ ಅವಳು ಜಗ್ಗುವವಳಲ್ಲ.

"ಮದುವೆಗೆ ಮುಂಚೆ ಭಾವನಿಗೂ ಹೀಗೇ ಪರೀಕ್ಷೆ ಮಾಡಿದ್ಯಾ ಅಕ್ಕಾ?" ಎಂದು ಒಮ್ಮೆ ಕಾಲೆಳೆದಿದ್ದೆ.

"ಮಾಡಿದ್ದೆ ಅಣ್ಣಾ. ಆಗ ಹಸಿರೇ ಇತ್ತು. ಆಮೇಲೆ ಅವರಮ್ಮ ಬಂದು ಏನೋ ಬದಲಾಯಿಸಿದ್ರು" ಎಂದಳು, ಪರದೆಯಿಂದ ಕಣ್ಣು ಕೀಳದೆ.

ಅವಳ ಅಪ್ಪ ಬಸ್ ಓಡಿಸಿ ನಿವೃತ್ತರಾದವರು, ಮಗಳ ಮನೆಯಲ್ಲೇ ಇದ್ದರು. ಮೂತ್ರಪಿಂಡ ಕೈಕೊಟ್ಟ ಮೇಲೆ ನಮ್ಮಲ್ಲೇ ಡಯಾಲಿಸಿಸ್. ಹಳೆಯ ಯಂತ್ರಗಳನ್ನು ತೆಗೆದು ಹೊಸವನ್ನು ಕೂರಿಸುತ್ತಿದ್ದುದರಿಂದ ಆಗ ಯಾರ ಸರದಿ ಯಾವತ್ತು ಎನ್ನುವುದೇ ನಿಲ್ಲದೆ ಬದಲಾಗುತ್ತಿತ್ತು. ಹಿಂದಿನ ಸಂಜೆ ಮೆಸೇಜ್ ಬಂದರೆ ಮಾರನೆಯ ದಿನ ಹೋಗಬೇಕು. ಬೇರೆ ರೋಗಿಗಳು ಮೆಸೇಜನ್ನು ಅರ್ಧ ನಂಬಿ, ವಾರ್ಡಿಗೆ ಫೋನ್ ಮಾಡಿ ಇನ್ನೊಮ್ಮೆ ಕೇಳುತ್ತಿದ್ದರು. ಇವರು ಮಾತ್ರ ಕೇಳುತ್ತಿರಲಿಲ್ಲ. "ಇದನ್ನ ಕಳಿಸೋದು ನನ್ನ ಮಗಳು" ಎಂದು ಪಕ್ಕದ ಕುರ್ಚಿಯವರಿಗೆ ಮೊಬೈಲ್ ತೋರಿಸುತ್ತಿದ್ದರು.

ಡಯಾಲಿಸಿಸ್‌ಗೆ ಸಂಜೆಯ ಪಾಳಿ ಹೊಸದಾಗಿ ಸೇರಿತು, ಅವಳ ಅಪ್ಪನ ಹೆಸರೂ ಅದಕ್ಕೇ ಹೋಯಿತು. ಆ ರೋಗಿಗಳಿಗೆ ಮೆಸೇಜ್ ಹೋಗಲೆಂದು ಅಕ್ಕ ಫೈಲಿನ ಕೊನೆಗೆ ಒಂದು ಸಾಲು ಸೇರಿಸಿದಳು. ಪರೀಕ್ಷೆ ಓಡಿತು, ಎಲ್ಲ ಹಸಿರು. ನೆಮ್ಮದಿಯಾಗಿ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ "ಇವತ್ತು ಇಲ್ವಾ ಅಪ್ಪ?" ಎಂದು ಕೇಳಿದಳಂತೆ. "ಮೆಸೇಜ್ ಬಂದಿಲ್ವಲ್ಲಮ್ಮ" ಎಂದರಂತೆ ಅವರು. ಇಬ್ಬರಿಗೂ ಅಷ್ಟು ಸಾಕಾಯಿತು.

ಅದರ ಮಾರನೆಯ ಮಧ್ಯಾಹ್ನ ಪಕ್ಕದ ಮನೆಯವರ ಫೋನು ಬಂತು. ಅಪ್ಪನ ಕಾಲು ಊದಿಕೊಂಡಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಂಬ್ಯುಲೆನ್ಸಿನಿಂದ ಅವರನ್ನು ಇಳಿಸುವಾಗ ನಾನೂ ಒಂದು ಕೈ ಹಿಡಿದೆ. ಅಷ್ಟು ದೊಡ್ಡ ಆಳು ಮೀನಿನ ಹಾಗೆ ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದುದನ್ನು ನೋಡಿ ನನಗೆ ಜೀವವೇ ಬಾಯಿಗೆ ಬಂತು.

ಡಯಾಲಿಸಿಸ್ ವಾರ್ಡಿನ ನರ್ಸಮ್ಮ ಸೂಜಿ ಸಿದ್ಧಮಾಡುತ್ತಲೇ ಗದರಿದರು. "ನಿನ್ನೆ ಸಂಜೆ ಯಾಕೆ ಬರಲಿಲ್ಲ? ಸಂಜೆ ಪಾಳಿಯವರಿಗೆ ಯಾರಿಗೂ ಮೆಸೇಜ್ ಬಂದಿಲ್ಲ. ಎಲ್ಲರೂ ಫೋನ್ ಮಾಡಿ ಕೇಳ್ಕೊಂಡು ಬಂದ್ರು. ನೀವೊಬ್ರೇ ಬರದೇ ಇದ್ದೋರು."

ಅಕ್ಕನ ಮುಖ ಬಿಳಿಚಿಕೊಂಡಿತು. ಅಪ್ಪನ ಉಸಿರು ಹತೋಟಿಗೆ ಬಂದ ಮೇಲೆ ಕೆಳಗಿಳಿದು ಬಂದು ಫೈಲು ತೆರೆದಳು. ಕೊನೆಯ ಸಾಲು ಬರೆದವಳು ಅದರ ತುದಿಯಲ್ಲಿ ಎಂಟರ್ ಒತ್ತಿರಲಿಲ್ಲ. ಹಾಗೆ ಬಿಟ್ಟ ಸಾಲು ಇನ್ನೂ ಮುಗಿದಿಲ್ಲವೆಂದು ನಮ್ಮ ಸರ್ವರು ಅದನ್ನು ಬಿಟ್ಟೇಬಿಡುತ್ತದೆ. ಅವಳ ಪ್ರೋಗ್ರಾಮಿಗೆ ಅಷ್ಟು ಬಿಗಿ ಇರಲಿಲ್ಲ, ಅದು ಸಾಲನ್ನು ಓದಿ ಸರಿಯಿದೆ ಎಂದುಬಿಟ್ಟಿತ್ತು.

"ನಾನು ಓದಿದ್ದನ್ನೇ ನಾನು ಒಪ್ಕೊಂಡೆ ಅಣ್ಣಾ. ಸರ್ವರ್ ಓದ್ತಾ ಅಂತ ಕೇಳ್ಲೇ ಇಲ್ಲ" ಎಂದಳು.

ಪ್ರೋಗ್ರಾಮನ್ನು ಅವಳು ಬಿಚ್ಚಿ ಮತ್ತೆ ಕಟ್ಟಿದಳು. ಅದೀಗ ಫೈಲನ್ನು ಓದಿ ಸುಮ್ಮನಾಗುವುದಿಲ್ಲ. ಮೂಲೆಯಲ್ಲಿದ್ದ ಇನ್ನೊಂದು ಸರ್ವರಿಗೆ ಅದನ್ನು ಕೊಟ್ಟು, ಕೆಲಸ ನಿಜವಾಗಿಯೂ ನಡೆಯಿತೇ ಎಂದು ಕಾದು ನೋಡಿ, ಆಮೇಲೆ ಹಸಿರು ತೋರಿಸುತ್ತದೆ. ಅದೇನೋ ಸುಲಭವಾಗಿ ಮುಗಿಯಿತು. ಅಪ್ಪನ ವಿಷಯ ಸುಲಭವಿರಲಿಲ್ಲ.

"ಮೆಸೇಜ್ ಬರ್ಲಿ ಬಿಡ್ಲಿ, ವಾರ್ಡಿಗೆ ಫೋನ್ ಮಾಡಿ ಕೇಳಿ ಅಪ್ಪ" ಎಂದಳು, ನನ್ನೆದುರಿಗೇ, ಅವರ ಮಂಚದ ಪಕ್ಕ ನಿಂತು.

"ನಿನ್ನ ಮೇಲೆ ಅನುಮಾನ ಪಟ್ಟ ಹಾಗಾಗಲ್ವೇನಮ್ಮ?"

"ಪಡಿ ಅಪ್ಪ. ದಮ್ಮಯ್ಯ ಅಂತೀನಿ, ಅನುಮಾನ ಪಡಿ."

ಅವರು ಗೋಡೆ ಕಡೆ ತಿರುಗಿ ಮಲಗಿದರು. ಮನೆಗೆ ಹೋದ ಮೇಲೂ ಹಟ ಬಿಡಲಿಲ್ಲ. ಸಂಜೆಯಾದರೆ ಅಕ್ಕನೇ ವಾರ್ಡಿಗೆ ಹತ್ತಿ ಹೋಗಿ ಅಪ್ಪನ ಸರದಿ ಕೇಳಿಕೊಂಡು ಬರುತ್ತಿದ್ದಳು. ಅದನ್ನು ನೋಡುವಾಗಲೆಲ್ಲ ಮುದುಕರ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಒಂದು ಸಂಜೆ ಅವಳು ಮೇಲೆ ಹೊರಡುವ ಮೊದಲೇ ನಮ್ಮ ಕೋಣೆಯ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ. ನರ್ಸಮ್ಮ ನಗುತ್ತಿದ್ದರು. "ಅವರಪ್ಪ ಫೋನ್ ಮಾಡಿದ್ರು. ಮೆಸೇಜ್ ಬಂದಿದೆ, ಆದ್ರೂ ಕೇಳ್ತಿದೀನಿ, ನಾಳೆ ನನ್ನ ಸರದಿ ನಿಜಾನಾ ಅಂದ್ರು. ಮಗಳಿಗೆ ಮಾತ್ರ ಹೇಳ್ಬೇಡಿ, ನೊಂದ್ಕೋತಾಳೆ ಅಂದ್ರು."

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಹೇಳಿಬಿಟ್ಟೆ. ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ, "ನಂಗೆ ಗೊತ್ತಾಯ್ತು ಅಂತ ಅಪ್ಪಂಗೆ ಹೇಳ್ಬೇಡಿ ಅಂತ ನರ್ಸಮ್ಮಂಗೆ ಹೇಳಿ ಅಣ್ಣಾ" ಎಂದಳು.