‘ತೆಗೆ’ ಎಂದರೆ ಏನು ಮಾಡಬೇಕು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕೈಪಿಡಿ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಮಿಕ್ಸಿ, ನೀರಿನ ಪಂಪು, ಹೊಲಿಗೆ ಯಂತ್ರಗಳ ಡಬ್ಬದಲ್ಲಿ ಬರುವ ಪುಟ್ಟ ಪುಸ್ತಕಗಳನ್ನು ಬರೆದವಳು. ಅವುಗಳನ್ನು ಯಾರೂ ಪ್ರೀತಿಯಿಂದ ಓದುವುದಿಲ್ಲ, ಯಂತ್ರ ಕೆಟ್ಟಾಗ ಸಿಟ್ಟಿನಿಂದ ಓದುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ವಾಕ್ಯಗಳನ್ನು ಗಿಡ್ಡವಾಗಿ ಬರೆಯುತ್ತಿದ್ದಳು.

ಈಗ ಅವಳ ಓದುಗ ಮನುಷ್ಯನೇ ಅಲ್ಲ. ಕನ್ನಡಕದ ಅಂಗಡಿಯ ಮೇಲಿದ್ದ, ಅವಳು ಹೊಸದಾಗಿ ಸೇರಿದ್ದ ಸಣ್ಣ ಕಂಪನಿ, ಜನರ ಪರವಾಗಿ ಇಮೇಲ್ ನೋಡಿಕೊಳ್ಳುವ ಎಐ ಏಜೆಂಟ್‌ಗಳಿಗೆ ಉಪಕರಣಗಳನ್ನು ಮಾಡಿಕೊಡುತ್ತಿತ್ತು. ಪತ್ರ ಹುಡುಕಲು ಒಂದು, ಓದಲು ಒಂದು, ಉತ್ತರದ ಕರಡು ಬರೆಯಲು ಒಂದು, ಅಳಿಸಲು ಒಂದು. ಯಾವಾಗ ಯಾವುದು ಬೇಕೆಂದು ಏಜೆಂಟ್‌ಗೆ ತಿಳಿಯುವುದು ಪ್ರತಿಯೊಂದರ ಜೊತೆಗಿರುವ ನಾಲ್ಕು ಸಾಲಿನ ವಿವರಣೆಯಿಂದ. ಅದನ್ನು ಕನ್ನಡದಲ್ಲಿ ಬರೆಯುವುದು ಅವಳ ಕೆಲಸ. ಶುಕ್ರವಾರದ ಪರೀಕ್ಷೆಯಲ್ಲಿ ಪಾಸಾದರೆ ಕನ್ನಡದ ಆವೃತ್ತಿಯೂ ಜನರ ಕೈಸೇರುತ್ತದೆ. ಇಲ್ಲದಿದ್ದರೆ ಮೂರು ತಿಂಗಳ ಬರವಣಿಗೆ ಮೂಲೆ ಸೇರುತ್ತದೆ.

“ಅಕ್ಕ, ನಮ್ಮ ಬಾಯಲ್ಲಿ ಬರೀ ಆಫೀಸ್ ಮಾತೇ ಬರುತ್ತೆ. ಪರೀಕ್ಷಿಸೋಕೆ ಮನೆ ಮಾತಾಡೋರು ಯಾರಾದ್ರೂ ಬೇಕು,” ಎಂದ ಪ್ರೋಗ್ರಾಮರ್. ಬುಧವಾರ ಅವಳು ಅಮ್ಮನನ್ನು ಕರೆತಂದಳು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಮೈಕ್ ಕಂಡರೆ ತವರುಮನೆ ಕಂಡಷ್ಟು ಖುಷಿ. ಪ್ರೋಗ್ರಾಮರ್ ಏಜೆಂಟನ್ನು ಅಮ್ಮನ ಇಮೇಲ್‌ಗೆ ಜೋಡಿಸಿ ಮೈಕ್ ಮುಂದಿಟ್ಟ.

“ಊರಿಂದ ನಮ್ಮಕ್ಕ ಬರೆದಿರೋ ಮೇಲ್ ಎಲ್ಲಾ ತೆಗಿಯಪ್ಪ,” ಎಂದು ಗತ್ತಿನಿಂದ ಹೇಳಿದಳು.

“ಆಯಿತು, ಇನ್ನೂರ ಹನ್ನೆರಡು ಪತ್ರಗಳನ್ನು ತೆಗೆದಿದ್ದೇನೆ,” ಎಂದಿತು ಏಜೆಂಟ್.

“ಎಲ್ಲಿ, ತೋರ್ಸು.”

ತೋರಿಸಲು ಒಂದೂ ಉಳಿದಿರಲಿಲ್ಲ. ಅಷ್ಟನ್ನೂ ಕಸದ ಬುಟ್ಟಿಗೆ ಹಾಕಿಬಿಟ್ಟಿತ್ತು. ಪ್ರೋಗ್ರಾಮರ್ ಗಡಿಬಿಡಿಯಿಂದ ಎಲ್ಲವನ್ನೂ ವಾಪಸು ತಂದ.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. “ಅರವತ್ತು ವರ್ಷದಿಂದ ನಮ್ಮಕ್ಕನ ಬಾಯಿ ಮುಚ್ಚಿಸೋಕೆ ನನ್ನ ಕೈಲಿ ಆಗಿರ್ಲಿಲ್ಲ. ಇದು ಒಂದೇ ಏಟಿಗೆ ಮುಗಿಸ್ತು.”

ಮಗಳು ನಗಲಿಲ್ಲ. ತನ್ನ ಪುಟವನ್ನು ಬಿಡಿಸಿ ನೋಡಿದಳು. ಓದುವ ಉಪಕರಣಕ್ಕೆ ‘ಪತ್ರವನ್ನು ತೆರೆಯಲು’ ಎಂದು ಬರೆದಿದ್ದಳು. ಅಳಿಸುವ ಉಪಕರಣಕ್ಕೆ ‘ಪೆಟ್ಟಿಗೆಯಿಂದ ಪತ್ರ ತೆಗೆಯಲು’. ಅಮ್ಮ ತೆಗಿ ಅಂದಳು, ಏಜೆಂಟ್ ತೆಗೆಯುವ ಉಪಕರಣವನ್ನೇ ಎತ್ತಿಕೊಂಡಿತು. ಅದರದ್ದೇನೂ ತಪ್ಪಿಲ್ಲ, ಬರೆದದ್ದನ್ನು ಅಕ್ಷರಶಃ ನಂಬಿತ್ತು.

ಸಂಜೆ ಬಸ್ಸಿನಲ್ಲಿ ಅವಳು ನೋಟ್‌ಬುಕ್ ಹಿಡಿದು ಕುಳಿತಳು. “ಅಮ್ಮ, ನಾವು ಏನೇನು ತೆಗೀತೀವಿ, ಹೇಳು.”

“ಬಾಗಿಲು ತೆಗೀತೀವಿ. ಕಸ ತೆಗೀತೀವಿ. ಫೋಟೋ ತೆಗೀತೀವಿ, ಜಗಳ ತೆಗೀತೀವಿ. ನಿಮ್ಮಜ್ಜಿ ನನ್ನ ಅಡಿಗೇಲಿ ದಿನಾ ತಪ್ಪು ತೆಗೀತಿದ್ರು, ಆದ್ರೂ ಅದರಲ್ಲಿ ತಪ್ಪು ಹಾಗೇ ಇರ್ತಿತ್ತು.” ಪಕ್ಕದ ಸೀಟಿನವರು ಮುಖ ತಿರುಗಿಸಿಕೊಂಡು ನಕ್ಕರು. “ನೀನಂತೂ ಕಸ ತೆಗಿ ಅಂದ್ರೆ ಪುಸ್ತಕ ತೆಗೆದು ಕೂರ್ತಿದ್ದೆ.”

ಈಗ ಮಗಳಿಗೂ ನಗು ಬಂತು. ಇಳಿಯುವ ಸ್ಟಾಪು ದಾಟಿಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಗುರುವಾರವಿಡೀ ಅವಳು ಬರೆದದ್ದು ಮೂರೇ ವಾಕ್ಯ. ‘ಜನ ತೆಗೆ ಎಂದಾಗ ಹೆಚ್ಚಾಗಿ ತೆರೆ ಎಂದರ್ಥ. ಅಳಿಸು ಎಂದೂ ಇರಬಹುದು. ಸಂದೇಹ ಬಂದರೆ ಕೇಳು, ಕೇಳದೆ ಅಳಿಸಬೇಡ.’ ಒಂದೊಂದನ್ನೂ ಹತ್ತು ಸಲ ಗಟ್ಟಿಯಾಗಿ ಓದಿಕೊಂಡಳು.

ಶುಕ್ರವಾರ ಕಂಪನಿಯ ಮುಖ್ಯಸ್ಥೆಯೂ ಬಂದು ಕುಳಿತರು. ಅಮ್ಮ ಗಂಟಲು ಸರಿಮಾಡಿಕೊಂಡಳು.

“ನಮ್ಮಕ್ಕ ನಿನ್ನೆ ಊರಿಂದ ಬರೆದ ಮೇಲ್ ತೆಗಿ.” ಪತ್ರ ತೆರೆದುಕೊಂಡಿತು. ಕೈಪಿಡಿ ಅಕ್ಕ ಬಿಗಿಹಿಡಿದಿದ್ದ ಉಸಿರನ್ನು ಅರ್ಧ ಬಿಟ್ಟಳು.

“ಹಳೇದೆಲ್ಲಾ ತೆಗಿ.”

“ಓದಲು ತೆರೆಯಲೇ, ಅಥವಾ ಅಳಿಸಲೇ?” ಎಂದು ಕೇಳಿತು ಏಜೆಂಟ್.

ಅಮ್ಮ ಹುಬ್ಬೇರಿಸಿ ಮಗಳ ಕಡೆ ತಿರುಗಿದಳು. “ನೋಡೇ, ಒಂದು ಮಾತು ಕೇಳಿ ಮಾಡುತ್ತೆ. ನಿಮ್ಮಪ್ಪನಿಗೆ ಇದೊಂದು ಬರ್ಲೇ ಇಲ್ಲ.”

ನಗುತ್ತಲೇ ಮುಖ್ಯಸ್ಥೆ, “ಸೋಮವಾರ ಕನ್ನಡನೂ ಜನರ ಕೈಗೆ ಹೋಗ್ಲಿ,” ಎಂದರು.

ಕೈಪಿಡಿ ಅಕ್ಕ ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಪ್ರೋಗ್ರಾಮರ್ ಮುಂದಿನ ಉಪಕರಣದ ಹಾಳೆ ತಂದಿಟ್ಟ. ಬಂದ ಪತ್ರವನ್ನು ಇನ್ನೊಬ್ಬರಿಗೆ ಕಳಿಸುವ ಉಪಕರಣವದು. ‘ಪತ್ರವನ್ನು ಮುಂದಕ್ಕೆ ಹಾಕಲು’ ಎಂದು ತಾನೇ ಬರೆದಿದ್ದ.

“ಇದು ಬೇರೆಯವರಿಗೆ ಕಳಿಸೋದೋ, ನಾಳೆ ನೋಡ್ಕೊಳ್ಳೋಣ ಅಂತ ಬಿಡೋದೋ?” ಎಂದಳು ಕೈಪಿಡಿ ಅಕ್ಕ.

ಅವನು ತಲೆ ಕೆರೆದುಕೊಂಡ. ಅವಳು ಖುಷಿಯಿಂದ ಕುರ್ಚಿ ಎಳೆದುಕೊಂಡು ಪೆನ್ಸಿಲ್ ಚೂಪು ಮಾಡತೊಡಗಿದಳು.