ಸಾವಿನ ಮನೆಯಲ್ಲಿ ‘ಬರ್ತೀನಿ’ ಅಂದ ಹುಡುಗಿ

ಮಕ್ಕಳೇ, ನಿಮ್ಮ ತಾತ ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ರಾಯದುರ್ಗದ ನಮ್ಮ ಮನೆಗೆ ಮಾತಾಡಿಸಲು ಜನ ಬರುತ್ತಿದ್ದರು. ಬಂದವರು ಗೋಡೆಗೆ ಒರಗಿ ಕೂತು, ತಾತ ಹೇಗೆ ತೀರಿಕೊಂಡರೆಂದು ಕೇಳಿ, ಸದ್ದಿಲ್ಲದೆ ಎದ್ದು ಹೋಗುತ್ತಿದ್ದರು. ಸಾವಾದ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎನ್ನಬಾರದು. ಹಾಗೆ ಹೇಳಿದರೆ ಇನ್ನೊಂದು ಸಾವನ್ನು ಕರೆದಂತೆ. ನಾನು ತಲೆ ಎತ್ತಿದಾಗ ಎದುರಿನ ಚಾಪೆ ಖಾಲಿಯಾಗಿರುತ್ತಿತ್ತು.

ನಿಮ್ಮ ಅಪ್ಪ ಅಮ್ಮ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ನೀವು ಶಾಲೆಗೆ. ಹಗಲು ನನ್ನ ಜೊತೆ ಇದ್ದವರು ತಾತನ ಅಕ್ಕ. ಮದುವೆಯಾದಾಗಿನಿಂದ ಅವರ ಮುಂದೆ ನಾನು ಬಾಯಿ ತೆರೆದವಳಲ್ಲ.

ಆಗ ನರ್ಸಿಂಗ್ ಕಲಿಯುವ ಹುಡುಗಿಯರು ಒಬ್ಬೊಬ್ಬಳು ಒಂದೊಂದು ಮನೆಗೆ, ವಾರಕ್ಕೊಮ್ಮೆ, ಬಿ.ಪಿ. ನೋಡಲು ನಮ್ಮ ಓಣಿಗೆ ಬರತೊಡಗಿದರು. ನಮ್ಮ ಮನೆಗೆ ಬಂದವಳು ಮಡಕಶಿರಾ ಕಡೆಯವಳು.

“ಉಂಡ್ರಾ ಅಜ್ಜಿ, ಇಲ್ಲ ಬರೀ ಮಾತ್ರೆ ನುಂಗಿ ಕೂತಿದೀರಾ?” ಎಂದಳು.

ಅದು ನನ್ನ ತವರಿನ ಮಾತು. ಅದನ್ನು ಕೇಳಿ ಎಷ್ಟೋ ವರ್ಷವಾಗಿತ್ತು.

“ಮುದ್ದೆ ಒಳಕ್ಕೆ ಇಳಿಯಲ್ಲ ಕಣವ್ವ” ಎಂದೆ.

ತಿನ್ನಬೇಕು, ಧೈರ್ಯ ತಂದುಕೊಳ್ಳಬೇಕು ಎಂದೇನೂ ಅವಳು ಹೇಳಲಿಲ್ಲ. ಬಿ.ಪಿ. ನೋಡಿ ಮುಗಿದ ಮೇಲೂ ನನ್ನ ತೋಳಿನ ಮೇಲಿನ ಕೈ ತೆಗೆಯಲಿಲ್ಲ. ಆಮೇಲೆ ಪದ್ಧತಿಯಂತೆ ಸುಮ್ಮನೆ ಎದ್ದು ಹೊರಟಳು.

ಹುಡುಗಿಯರಿಗೆ ಪಾಠ ಹೇಳುವ ಮೇಡಂ ಬಾಗಿಲಲ್ಲೇ ಅವಳನ್ನು ತಡೆದರು. “ಪೇಷೆಂಟಿಗೆ ಹೇಳದಂಗ ಎದ್ದು ಬರ್ತಾರೇನು? ಮತ್ತ ಯಾವಾಗ ಬರ್ತೀನಿ ಅಂತ ಹೇಳಿ ಬಾ. ಅವರ ಮನಸು ನೋಡ್ಕೋಬೇಕು ಅಂತ ಎಷ್ಟು ಸಲ ಹೇಳೇನಿ?”

ಹುಡುಗಿ ತಿರುಗಿ ಬಂದು, ಹಾರ ಹಾಕಿದ ತಾತನ ಫೋಟೋ ನೋಡಿ ತಡವರಿಸಿದಳು. “ಬುಧವಾರ ಬತ್ತೀನಜ್ಜಿ” ಎಂದಳು.

ಒಳಗಿಂದ ತಾತನ ಅಕ್ಕ ಕೂಗಿದರು: “ಸತ್ತ ಮನ್ಯಾಗ ಬರ್ತೀನಿ ಅಂತಾರೇನಬೇ? ಬುಧವಾರ ಯಾರನ್ನ ಸಾಗಹಾಕಾಕ ಬರ್ತಿ, ನನ್ನನ್ನಾ?”

ಹುಡುಗಿಯ ಕಣ್ಣು ತುಂಬಿತು. ಮೇಡಂ ಕೈ ಮುಗಿದರು. “ತಪ್ಪಾತ್ರಿ ಅಮ್ಮ, ಸತ್ತ ಮನಿ ಅಂತ ನನಗ ತಿಳೀಲಿಲ್ಲ. ಈಕೀನ ಬಿಟ್ಟು ಬ್ಯಾರೆ ಹುಡುಗೀನ ಕಳಸ್ತೀನ್ರಿ.”

ಬೇರೆ ಯಾರಾದರೂ ಬಿ.ಪಿ. ನೋಡಿಯಾರು. ಆದರೆ ಇವಳು ಹೋದರೆ ನಾನು ಮತ್ತೆ ಗೋಡೆಯ ಜೊತೆಗೆ. ಸೆರಗು ಬಾಯಿಗೆ ಹಿಡಿದು, ನೆಲ ನೋಡುತ್ತಲೇ ಅಂದೆ: “ಬ್ಯಾಡ. ಇವಳೇ ಬರ್ಲಿ.”

“ಏನಂದಿ?” ಎನ್ನುತ್ತ ತಾತನ ಅಕ್ಕ ಹೊರಗೆ ಬಂದರು.

“ಇವಳೇ ಬರ್ಲಿ ಅಕ್ಕಾ. ಇಷ್ಟು ದಿನದಾಗೆ ಬರ್ತೀನಿ ಅಂದೋಳು ಇವಳೊಬ್ಬಳೇ.”

ಅವರು ನನ್ನನ್ನೇ ನೋಡಿದರು. “ನಿನಗ ಬಾಯಿ ಐತೇನು!” ಎಂದು ಒಳಗೆ ಹೋದರು.

ಬುಧವಾರ ಹುಡುಗಿ ಬಂದಳು. ತಾತನ ಅಕ್ಕ ಅವಳ ಮುಂದೆ ಒಂದು ತಟ್ಟೆ ಮಂಡಕ್ಕಿ ಇಟ್ಟು ಹೋದರು. ಹುಡುಗಿ ಬಿ.ಪಿ. ಪಟ್ಟಿ ಸುತ್ತುತ್ತ ಮೆಲ್ಲಗೆ ಕೇಳಿದಳು: “ತಾತ ಎಂಗಿದ್ರಜ್ಜಿ?”

ಹೇಗೆ ಸತ್ತರೆಂದು ಊರೆಲ್ಲ ಕೇಳಿತ್ತು. ಹೇಗಿದ್ದರೆಂದು ಕೇಳಿದವರಿಲ್ಲ. ಮದುವೆಯಾದ ಹೊಸದರಲ್ಲಿ ನಾನು ತವರಿಗೆ ಹೊರಟರೆ, ತಾತ ಮಾತಿಲ್ಲದೆ ಬಸ್ಸಿನ ಕಿಟಕಿಯೊಳಗೆ ಮಲ್ಲಿಗೆ ಹೂವಿನ ಪೊಟ್ಟಣ ಎಸೆದು ಮುಖ ತಿರುಗಿಸಿ ನಿಲ್ಲುತ್ತಿದ್ದರು ಎಂದು ಹೇಳಿದೆ. ಮಾತು ಅಲ್ಲಿಗೆ ಬಂದಾಗ ಮೇಡಂ ಹೊರಗಿಂದ ಅವಳನ್ನು ಕರೆದರು.

ಮುಂದಿನ ವಾರದಿಂದ ಹುಡುಗಿಯರನ್ನು ಆಸ್ಪತ್ರೆ ಡ್ಯೂಟಿಗೆ ಹಾಕಿದರಂತೆ; ಅವಳು ಮತ್ತೆ ಬರಲಿಲ್ಲ. ತಾತ ಹೇಗಿದ್ದರೆಂಬುದರಲ್ಲಿ ಉಳಿದದ್ದನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ.