ಕಡೆಯ ಹನ್ನೊಂದು ಪುಟ

ಸೇಡು ಗೀಡು ನಮಗೆ ಗೊತ್ತಿಲ್ಲ ಎನ್ನುವ ಜನರನ್ನು ಕಂಡರೆ ನನಗೆ ನಗು ಬರುತ್ತದೆ. ನನಗೆ ಚೆನ್ನಾಗಿ ಗೊತ್ತು. ನಾಲ್ಕು ವರ್ಷ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದ್ದೇನೆ. ಕ್ಷಮೆ ದೊಡ್ಡ ಗುಣ ಎನ್ನುವ ಪಾಠವನ್ನೂ ಅದೇ ಬಾಯಿಂದ ಮಾಡಿದ್ದೇನೆ. ಇವತ್ತಿಗೂ ಹಾವೇರಿಯ ಆ ಪ್ರಾಧ್ಯಾಪಕರ ಹೆಸರು ಯಾರಾದರೂ ಎತ್ತಿದರೆ ನನ್ನ ದವಡೆ ಬಿಗಿಯುತ್ತದೆ.

ನಡೆದದ್ದು ಒಂದು ಹಳೆಯ ಕಾದಂಬರಿಯಿಂದ. ನಮ್ಮ ಅವ್ವ ಐರಣಿಯವಳು, ಮುಲ್ಕಿ ಪಾಸಾದವಳು. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದ ಹೆಣ್ಣುಮಕ್ಕಳು ಆ ಕಾಲಕ್ಕೆ ಊರಿಗೆ ಒಬ್ಬರೋ ಇಬ್ಬರೋ. ಮದುವೆಯಾಗಿ ಬ್ಯಾಡಗಿಗೆ ಬರುವಾಗ ಟ್ರಂಕಿನ ತಳದಲ್ಲಿ ಆ ಪುಸ್ತಕವನ್ನು ಇಟ್ಟುಕೊಂಡು ಬಂದಿದ್ದಳು. ಅದಕ್ಕೆ ರಟ್ಟು ಇರಲಿಲ್ಲ, ಬರೆದವರ ಹೆಸರಿದ್ದ ಹಾಳೆಯೂ ಇರಲಿಲ್ಲ. ನಾನು ಮುಂದೆ ಕಾಲೇಜಿನಲ್ಲಿ ಓದುವಾಗ ಹುಡುಕಿದರೆ ಯಾವ ಸಾಹಿತ್ಯ ಚರಿತ್ರೆಯಲ್ಲೂ ಅದರ ಸುದ್ದಿ ಸಿಗಲಿಲ್ಲ. ಆದರೆ ಕಥೆ ಬಲು ಗಟ್ಟಿ. ಹೊಳೆದಂಡೆಯ ಊರಿನ ಒಬ್ಬ ನೇಕಾರಗಿತ್ತಿ. ಗಂಡ ಬೈರಾಗಿಗಳ ಹಿಂದೆ ಹೋಗಿಬಿಡುತ್ತಾನೆ. ಅವಳು ಒಬ್ಬಳೇ ಮಗ್ಗ ನಡೆಸಿ, ಅತ್ತೆಯನ್ನು ಸಾಕಿ, ಮಣ್ಣುಕೊಟ್ಟು, ಮನೆಯನ್ನು ನಿಲ್ಲಿಸಿಕೊಳ್ಳುತ್ತಾಳೆ. ಹನ್ನೆರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಗಂಡ ಬಂದು ಕದ ಬಡಿಯುತ್ತಾನೆ. ಅವಳು ಎದ್ದು ಚಿಲಕಕ್ಕೆ ಕೈ ಹಾಕುತ್ತಾಳೆ. ಅಷ್ಟೇ. ಅಲ್ಲಿಂದ ಮುಂದಿನ ಹಾಳೆಗಳು ಹರಿದುಹೋಗಿದ್ದವು.

ಸಂಕ್ರಾಂತಿ ದಾಟಿತೆಂದರೆ ನಮ್ಮ ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿ ಬೀಳುತ್ತಿತ್ತು. ಓಣಿಯ ಹೆಂಗಸರೆಲ್ಲ ಸುತ್ತ ಕೂತು ತುಂಬು ಬಿಡಿಸುತ್ತಿದ್ದರು, ಅಂದರೆ ಒಂದೊಂದೇ ಕಾಯಿಯ ತೊಟ್ಟು ಕೀಳುತ್ತಿದ್ದರು. ಸೀನು, ಕೆಮ್ಮು, ಉರಿಯುವ ಬೆರಳು. ಆ ಕೈಯಿಂದ ಪುಸ್ತಕ ಮುಟ್ಟುವಂತಿಲ್ಲ. ಅವ್ವ ನಸುಕಿನಲ್ಲಿ ಎದ್ದು ಒಂದು ಅಧ್ಯಾಯ ಓದಿಕೊಳ್ಳುತ್ತಿದ್ದಳು. ಹಗಲು ತುಂಬು ಬಿಡಿಸುತ್ತ ಅದನ್ನು ಬಾಯಲ್ಲಿ ಹೇಳುತ್ತಿದ್ದಳು. ಕಥೆ ಕದದ ಹತ್ತಿರ ಬಂದು ನಿಂತ ದಿನ ಹೆಂಗಸರು ಗದ್ದಲ ಎಬ್ಬಿಸಿದರು.

ಪಕ್ಕದ ಮನೆಯ ದೊಡ್ಡವ್ವ, ಎಲ್ಲರಿಗಿಂತ ಹಿರಿಯಳು, ಬಿಟ್ಟುಕೊಡಲೇ ಇಲ್ಲ. "ಕದಾ ತಗದಳೋ ಇಲ್ಲೋ ಹೇಳ ಮತ್ತ!"

"ಹಾಳಿ ಇಲ್ಲಬೇ ಯವ್ವಾ. ನನಗೂ ಗೊತ್ತಿಲ್ಲ."

"ಹಂಗಂದ್ರ ನೀನ ಹೇಳು. ಇಲ್ಲೀತನಕ ಕುಂದರಿಸಿ ನಡುನೀರಾಗ ಬಿಟ್ರ ಹೆಂಗ?"

ಎದುರಿನ ಓಣಿಯಿಂದ ಬರುತ್ತಿದ್ದವಳನ್ನು ನಾವು ಮಕ್ಕಳೆಲ್ಲ ಖಾಲಾ ಎನ್ನುತ್ತಿದ್ದೆವು. ಅವಳು ಕೈ ನಿಲ್ಲಿಸದೆ ಹೇಳಿದಳು, "ಕದಾ ತಗೀಲಿ. ಆದ್ರ ಹೊಸ್ತಿಲಾ ದಾಟಾಕ ಬಿಡಬಾರದು."

"ಅಂವ ಅಳಬೇಕ ನೋಡು. ಅಳಿಸಲಾರದ ಕಳಸಬಾರದು," ಎಂದಳು ದೊಡ್ಡವ್ವ.

"ಅಂಥಾ ಗಂಡಸರು ಅಳೂದಿಲ್ಲ," ಎಂದಳು ಅವ್ವ.

"ಯಾಕ ಅಳೂದಿಲ್ಲ? ನಮ್ಮ ಸೆರಗ ಕೊಡು, ಮಾರಿ ಒರಸಿಕೊಳ್ಳಲಿ!" ಎಂದು ಖಾಲಾ ತನ್ನ ಕೆಂಪು ಪುಡಿ ಹತ್ತಿದ ಸೆರಗು ಎತ್ತಿ ತೋರಿಸಿದಳು. ಪಡಸಾಲೆಗೆ ಪಡಸಾಲೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆ ಬೇಸಿಗೆಯಲ್ಲಿ ಅವ್ವ ಅದನ್ನು ಬರೆದಳು. ಮೊದಲು ನನ್ನ ಎಂಟನೆಯ ಇಯತ್ತೆಯ ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಹೊಡೆದು ತಿದ್ದಿ ಬರೆದಳು. ಆಮೇಲೆ ಬೇರೆ ಹಾಳೆಗಳ ಮೇಲೆ ಹನ್ನೊಂದು ಪುಟ ಚೊಕ್ಕಟವಾಗಿ ನಕಲು ಮಾಡಿ, ಸೂಜಿ ದಾರದಿಂದ ಪುಸ್ತಕದ ಕೊನೆಗೆ ಹೊಲಿದಳು. ಅವ್ವನ ಅಧ್ಯಾಯದಲ್ಲಿ ನೇಕಾರಗಿತ್ತಿ ಕದ ತೆಗೆಯುತ್ತಾಳೆ. ಗಂಡನನ್ನು ಕಟ್ಟೆಯ ಮೇಲೆ ಕೂರಿಸಿ ಮುಖಕ್ಕೆ ನೀರು ಕೊಡುತ್ತಾಳೆ. ಬೆಳಗಿನಿಂದ ಅವಳು ತುಂಬು ಬಿಡಿಸುತ್ತಿದ್ದಳು ಎಂಬ ಮಾತು ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ಒರೆಸಿಕೊಳ್ಳಲು ಸೆರಗು ಚಾಚುತ್ತಾಳೆ. ಅವನ ಕಣ್ಣಿನಿಂದ ದಳದಳ ನೀರು ಸುರಿಯುತ್ತದೆ. ಸೇರಿದ ಜನ "ಪಾಪ, ಪಶ್ಚಾತ್ತಾಪ ಆಗೈತಿ" ಎಂದು ಲೊಚಗುಟ್ಟುತ್ತಾರೆ. ಅವಳು ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡು ಒಳಗೆ ಹೋಗಿ ಮಗ್ಗಕ್ಕೆ ಕೂರುತ್ತಾಳೆ. ಆ ಕಣ್ಣೀರು ಯಾತರದು ಎಂದು ಅವ್ವ ಎಲ್ಲೂ ಬಿಡಿಸಿ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೇ ಅವಳಿಗೆ ಕಂಡಿರಲಿಲ್ಲ, ಬ್ಯಾಡಗಿಯಲ್ಲಿ ಅದು ಯಾರಿಗೆ ತಿಳಿಯುವುದಿಲ್ಲ?

ಎಂಬತ್ತರ ದಶಕ ಮುಗಿಯುತ್ತಿದ್ದಾಗ ನನಗೆ ನೌಕರಿ ಸಿಕ್ಕಿತು. ಹಾವೇರಿಯಲ್ಲಿ ತಿಂಗಳಿಗೊಮ್ಮೆ ರವಿವಾರ ಓದುಗರ ಕೂಟ ಸೇರುತ್ತದೆ, ಜನ ಮರೆತ ಹಳೆಯ ಪುಸ್ತಕಗಳ ಮೇಲೆ ಚರ್ಚೆ ನಡೆಯುತ್ತದೆ ಎಂದು ಕೇಳಿ ಸೇರಿಕೊಂಡೆ. ಕೂಟ ನಡೆಸುತ್ತಿದ್ದವರೇ ಆ ಪ್ರಾಧ್ಯಾಪಕರು. ಒಳ್ಳೆಯ ಮಾತುಗಾರರು, ಅದನ್ನು ಅಲ್ಲಗಳೆಯುವುದಿಲ್ಲ. ಅವರಿಂದ ಸೈ ಅನ್ನಿಸಿಕೊಳ್ಳಬೇಕೆಂಬ ಹಂಬಲ ನನಗೂ ಇತ್ತು. ಮನೆಯಲ್ಲಿ ಹಳೆಯ ಪುಸ್ತಕವಿದ್ದರೆ ತನ್ನಿ ಎಂದು ಅವರು ಹೇಳಿದಾಗ, ಪುಸ್ತಕದ ಜೊತೆಗೆ ಅವ್ವನನ್ನೂ ಕರೆದುಕೊಂಡು ಹೋದೆ. ಅವ್ವ ಎರಡು ದಿನ ಮೊದಲೇ ತುಂಬು ಬಿಡಿಸುವುದನ್ನು ನಿಲ್ಲಿಸಿ ಕೈಗೆ ಎಣ್ಣೆ ತಿಕ್ಕಿಕೊಂಡಿದ್ದಳು. ಪುಸ್ತಕ ಹಿಡಿದು ಮಾತಾಡಬೇಕಲ್ಲ.

ಅರ್ಧ ತಾಸು ಅವ್ವ ಕಥೆ ಹೇಳಿದಳು. ಜನ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಪ್ರಾಧ್ಯಾಪಕರು ಎರಡು ಸಲ ಗಡಿಯಾರ ನೋಡಿದರು. ಕಥೆ ಕದದ ಹತ್ತಿರ ಬಂತು.

"ಕಡೀ ಹಾಳಿ ಹರದ ಹೋಗಿದ್ವುರಿ, ಅದಕ್ಕ ನಾನು..."

ಪ್ರಾಧ್ಯಾಪಕರು ಕೈ ಎತ್ತಿದರು. "ಇರ್ಲಿ ಅವ್ವಾರ, ಸಾಕು. ಏನ್ ಉದ್ಯೋಗ ಮಾಡ್ತೀರಿ ನೀವು?"

"ತುಂಬು ಬಿಡಸ್ತೇನ್ರಿ."

"ಹಂಗಂದ್ರ ನೀವು ಮೆಣಸಿನಕಾಯಿ ನೋಡ್ಕೋರಿ. ಸಾಹಿತ್ಯ ನಾವು ನೋಡ್ಕೋತೇವಿ."

ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ. ಹೊಸದಾಗಿ ಸೇರಿದವಳು, ಎಲ್ಲರೂ ನಗುವಾಗ ಮುಖ ಗಂಟಿಕ್ಕಿಕೊಂಡರೆ ಏನು ತಿಳಿದಾರು ಎಂಬ ಹೇಡಿತನ. ಅವ್ವ ನೋಡಲಿಲ್ಲ ಅಂದುಕೊಂಡೆ. ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು, ನಡುವೆ ನಿಂತುಹೋದ ಮಾತನ್ನು ಹಾಗೇ ನುಂಗಿಕೊಂಡು ಬಂದು ಕೂತಳು. ಹದಿನೈದು ದಿನದಲ್ಲಿ ವಾಪಸು ಕೊಡುತ್ತೇನೆ ಎಂದು ಅವರು ಪುಸ್ತಕವನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಮರುವರ್ಷ ಪಡಸಾಲೆಯಲ್ಲಿ ಮತ್ತೆ ರಾಶಿ ಬಿತ್ತು. ಹೆಂಗಸರು ಬಂದರು. ಅವ್ವ ಕಥೆ ಹೇಳಲಿಲ್ಲ. "ಮರತೇನಿ" ಎಂದಳು. ಅವರು ಬಿಡದೆ ಕೇಳಿದಾಗ ಎದ್ದು ಹೋಗಿ ರೇಡಿಯೋ ಹಚ್ಚಿದಳು. ಓದುವುದನ್ನೂ ಬಿಟ್ಟಳು. ಯಾರಾದರೂ ಬಂದರೆ ಹಳೆಯ ಪೇಪರನ್ನು ಕೂಡ ಮಡಚಿ ಬದಿಗಿಡುತ್ತಿದ್ದಳು. ಮೂರು ಸಲ ಪುಸ್ತಕ ಕೇಳಲು ಅವರ ಮನೆಗೆ ಹೋದೆ. ಮೂರು ಸಲವೂ "ಅದರ ಮ್ಯಾಲೆ ಕೆಲಸ ನಡದೈತಿ" ಎಂದು ಬಾಗಿಲಿನಿಂದಲೇ ಕಳಿಸಿದರು.

ನಾಲ್ಕನೆಯ ವರ್ಷ ದೇವರೇ ತಂದುಕೊಟ್ಟ ಹಾಗೆ ಅದು ನನ್ನ ಕೈಗೆ ಬಂತು. ನಮ್ಮ ಶಾಲೆಯ ಪ್ರಶ್ನೆಪತ್ರಿಕೆಗಳು ರಾಣೆಬೆನ್ನೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದವು. ಕರಡು ತಿದ್ದಲು ಹೋದ ದಿನ, ಅಚ್ಚಿನ ಮೊಳೆ ಜೋಡಿಸುವ ಮುದುಕರ ಮುಂದೆ ನಮ್ಮ ಪುಸ್ತಕ ಕೂತಿತ್ತು. ಅವ್ವನ ಹೊಲಿಗೆ ಬಿಚ್ಚಿ ಹನ್ನೊಂದು ಪುಟಗಳನ್ನು ಬೇರೆ ಮಾಡಿದ್ದರು.

"ಅಕ್ಕಾರ, ಚೊಲೋ ಬಂದ್ರಿ ನೋಡ್ರಿ," ಎಂದರು ಮುದುಕರು. "ಹಾವೇರಿ ಪ್ರಾಧ್ಯಾಪಕರು ಈ ಹಳೇ ಕಾದಂಬರಿ ಹೊಸದಾಗಿ ತರಾಕತ್ತಾರ. ಕಡೀ ಪುಟ ಕೈಬರಹ ಅದಾವು. ಯಾರೋ ಬ್ಯಾರೆ ಪ್ರತಿ ನೋಡಿ ನಕಲ ಮಾಡ್ಯಾರಂತ, ಇದ್ದಂಗ ಜೋಡಸು ಅಂದಾರ. ಇಲ್ಲೊಂದ ಅಕ್ಷರ ಹತ್ತವಲ್ದು. ಏನೈತ್ರಿ ಇದು?"

ಅವರು ಅವ್ವನ ಬರಹವನ್ನು ಆ ಹಳೆಯ ಲೇಖಕರದೇ ಎಂದು ನಂಬಿದ್ದರು! ಒಂದು ಮಾತು ಹೇಳಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಮರ್ಯಾದಸ್ಥರು ಯಾರಾದರೂ ಹೇಳುತ್ತಿದ್ದರು. ನಾನು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, "ಅದು 'ತುಂಬು' ಐತ್ರಿ ಅಜ್ಜಾರ. ತುಂಬು ಬಿಡಿಸುತ್ತಿದ್ದಳು. ಜೋಡಸ್ರಿ," ಎಂದೆ. ಆಮೇಲೆ ಕೂತು ಅವ್ವನ ಪುಟಗಳಷ್ಟರ ಕರಡನ್ನು ಒಂದು ತಪ್ಪೂ ಉಳಿಯದ ಹಾಗೆ ನಾನೇ ತಿದ್ದಿಕೊಟ್ಟೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಅವ್ವನಿಗೂ.

ಪುಸ್ತಕ ಹೊರಬಂತು. ಬ್ಯಾಡಗಿಯ ಪೇಟೆಯ ರದ್ದಿ ರಾಶಿಯಲ್ಲಿ ತಮ್ಮ ಕಣ್ಣಿಗೆ ಬಿದ್ದ ರತ್ನ ಎಂದು ಮುನ್ನುಡಿಯಲ್ಲಿ ಬರೆದುಕೊಂಡಿದ್ದರು. ನಮ್ಮ ಮನೆಯನ್ನು ರದ್ದಿ ಅಂಗಡಿ ಮಾಡಿದ್ದರು. ಕೊನೆಯ ಅಧ್ಯಾಯವನ್ನು ಮಾತ್ರ ಬಾಯಿ ತುಂಬ ಹೊಗಳಿದ್ದರು. ಗಂಡನ ಕಣ್ಣೀರಿಗೆ ಎರಡು ಪುಟ. ಪಶ್ಚಾತ್ತಾಪ, ಪಾಪವಿಮೋಚನೆ, ಸತಿಯ ಕ್ಷಮಾಗುಣ ಎಂದೆಲ್ಲ. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ಬಾಯಿಗೆ ಕರವಸ್ತ್ರ ಒತ್ತಿಕೊಂಡೆ.

ಬಿಡುಗಡೆಯ ಸಭೆಯ ದಿನ, "ನಿನ್ನ ಪುಸ್ತಕ ಇಸಗೊಂಡ ಬರೂನು ನಡಿ" ಎಂದು ಅವ್ವನನ್ನು ಹೊರಡಿಸಿದೆ. ದೊಡ್ಡವ್ವನನ್ನೂ ಖಾಲಾಳನ್ನೂ ಕರೆದುಕೊಂಡೆ. ಚೀಲದಲ್ಲಿ ನನ್ನ ಗಣಿತದ ನೋಟ್‌ಬುಕ್ ಇತ್ತು. ನಾಲ್ವರೂ ಎರಡನೆಯ ಸಾಲಿನಲ್ಲಿ ಕೂತೆವು. ಹಾವೇರಿಯ ದೊಡ್ಡವರೆಲ್ಲ ಬಂದಿದ್ದರು.

ಪ್ರಾಧ್ಯಾಪಕರು ಕೊನೆಯ ಅಧ್ಯಾಯವನ್ನು ತಾವೇ ಓದತೊಡಗಿದರು. ಎರಡನೆಯ ವಾಕ್ಯಕ್ಕೆ ಅವ್ವ ತಲೆ ಎತ್ತಿದಳು. ನಾಲ್ಕನೆಯ ವಾಕ್ಯಕ್ಕೆ ನನ್ನ ಮೊಣಕೈ ಹಿಡಿದಳು, ಉಗುರು ನಟ್ಟಿತು. ಅವರು ಸೆರಗಿನ ಭಾಗಕ್ಕೆ ಬಂದರು. ಗಂಡನ ಕಣ್ಣೀರು ಸುರಿಯುವಾಗ ಅವರ ದನಿಯೂ ಗದ್ಗದವಾಯಿತು. ಆಗ ಖಾಲಾ ಕಿಸಕ್ಕನೆ ನಕ್ಕಳು. ದೊಡ್ಡವ್ವ ತಡೆದುಕೊಂಡು ತಡೆದುಕೊಂಡು ಕಡೆಗೆ ಗಹಗಹಿಸಿಬಿಟ್ಟಳು.

"ಯಾಕ ನಗ್ತೀರಿ?" ಎಂದು ಅವರು ಸಿಟ್ಟಿನಿಂದ ಕೇಳಿದರು.

"ಖಾರ ಹತ್ತೈತ್ರೀಪಾ ಅವಗ!" ಎಂದಳು ಖಾಲಾ. "ನಾನ ಹೇಳಿಕೊಟ್ಟಿದ್ದು!"

ನಾನು ಎದ್ದು ನಿಂತೆ. ಪ್ರೆಸ್ಸಿನಿಂದ ಬಂದ ದಿನದಿಂದ ಕನ್ನಡಿಯ ಮುಂದೆ ಹೇಳಿಕೊಂಡ ಮಾತು, ತೊದಲಲಿಲ್ಲ. "ಸರ, ನೇಕಾರರ ಮನೀ ಕತಿ ಇದು. ಹಿಂದಿನ ಪುಟದಾಗ ಎಲ್ಲೆರ ಒಂದ ಮೆಣಸಿನಕಾಯಿ ಅದ ಏನ್ರಿ? ಹುಡುಕಿ ಹೇಳ್ರಿ."

ಅವರು ಪುಟ ತಿರುವಿದರು. ಮತ್ತೆ ತಿರುವಿದರು. ಸಭೆ ಕಾಯುತ್ತಿತ್ತು. ನಾನು ವೇದಿಕೆಗೆ ಹೋಗಿ ನೋಟ್‌ಬುಕ್ಕನ್ನು ಅವರ ಮುಂದೆ ಬಿಚ್ಚಿಟ್ಟೆ. ಒಂದು ಬದಿ ನನ್ನ ಲೆಕ್ಕಗಳು, ಇನ್ನೊಂದು ಬದಿ ಅವ್ವನ ಅಧ್ಯಾಯ, ಹೊಡೆದು ಹಾಕಿದ ಸಾಲುಗಳ ಸಮೇತ. ಅವರ ಕಿವಿ ಕೆಂಪಾಗುವುದನ್ನು ಹತ್ತಿರದಿಂದ ನೋಡಿದೆ. ಬಹಳ ಸುಖವಾಯಿತು. ಸುಳ್ಳು ಯಾಕೆ ಹೇಳಲಿ?

"ಇದು ಮೋಸ," ಎಂದರು. "ನನಗ ಹೇಳಬೇಕಾಗಿತ್ತು."

ಉತ್ತರ ನನ್ನ ಬಾಯಿಯಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ಅವ್ವ ಎದ್ದಳು.

"ಹೇಳಾಕತ್ತಿದ್ನಿರಿ ಸರ. ನೀವು ಉದ್ಯೋಗ ಕೇಳಿದ್ರಿ." ಆಮೇಲೆ ಅಂದು ಮಾತು ನಿಂತ ಜಾಗದಿಂದಲೇ ಮುಂದುವರಿಸಿದಳು. "ಕಡೀ ಹಾಳಿ ಹರದ ಹೋಗಿದ್ವುರಿ, ಅದಕ್ಕ ನಾನು ಬರದು ಹೊಲದಿದ್ದೆ. ಈಗ ನನ್ನ ಪುಸ್ತಕ ಕೊಡ್ರಿ."

ಯಾರೂ ನಗಲಿಲ್ಲ. ಅವರು ಚೀಲದಿಂದ ಪುಸ್ತಕ ತೆಗೆದುಕೊಟ್ಟರು. ಹೊಲಿಗೆ ಬಿಚ್ಚಿದ ಹನ್ನೊಂದು ಪುಟಗಳನ್ನು ಅವ್ವ ಅಲ್ಲೇ ಎಣಿಸಿ ನೋಡಿಕೊಂಡಳು.

ಬ್ಯಾಡಗಿಯ ಬಸ್ಸಿನಲ್ಲಿ ನಾನು ಗೆದ್ದವಳ ಹಾಗೆ ಮಾತಾಡುತ್ತಲೇ ಇದ್ದೆ. ಪ್ರೆಸ್ಸಿನಲ್ಲಿ ಕಂಡದ್ದು, ಕರಡು ತಿದ್ದಿದ್ದು, ಎಲ್ಲ ಹೇಳಿದೆ. ಅವ್ವ ಪೂರ್ತಿ ಕೇಳಿದಳು.

"ಅಂದ್ರ ಪುಸ್ತಕ ಎಲ್ಲೈತಿ ಅಂತ ನಿನಗ ಗೊತ್ತಿತ್ತು. ಅಲ್ಲೇ ಇಸಗೊಂಡ ಬರ್ಲಿಲ್ಲ."

"ಅವತ್ತ ನಿನ್ನ ನೋಡಿ ನಕ್ಕರಲ್ಲ ಅವ್ವಾ. ಅವರಿಗ ಹಿಂಗ ಆಗಬೇಕಾಗಿತ್ತು."

"ನೀನೂ ನಕ್ಕಿದ್ದಿ," ಎಂದಳು ಅವ್ವ.

ಸಿಟ್ಟಿನಿಂದ ಹೇಳಲಿಲ್ಲ. ಗೊತ್ತಿದ್ದ ಸಂಗತಿಯನ್ನು ಹೇಳುವ ಹಾಗೆ ಹೇಳಿ, ಮುಂದಿನ ಸೀಟಿನಲ್ಲಿದ್ದ ದೊಡ್ಡವ್ವ, ಖಾಲಾರ ನಡುವೆ ಹೋಗಿ ಕೂತಳು. ಪುಸ್ತಕವನ್ನು ತೊಡೆಯ ಮೇಲೆ ತೆರೆದು, ಬಸ್ಸಿನ ಸದ್ದಿಗಿಂತ ದನಿ ಎತ್ತರಿಸಿ, ಮೊದಲ ಸಾಲಿನಿಂದ ಓದತೊಡಗಿದಳು. ಸುತ್ತಲಿನವರೂ ಮಾತು ನಿಲ್ಲಿಸಿ ಕೇಳಿದರು. ನಾನು ಬ್ಯಾಡಗಿಯವರೆಗೂ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದೆ.